ಪಾರ್ಕ್‌ಲ್ಯಾಂಡ್ಸಿನ ಫ್ರೀ ಏಜೆಂಟ್

ನೈರೋಬಿಯ ನಮ್ಮ ಮನೆಯ ಹಣ್ಣಿನ ಬುಟ್ಟಿಯಲ್ಲಿ ಒಂದು ಚೆಂಡು ವಾಸವಾಗಿತ್ತು. ಬಾಳೆಹಣ್ಣು, ಪ್ಯಾಶನ್ ಫ್ರೂಟು, ಇನ್ನೂ ಮಾಗದ ಬೆಣ್ಣೆಹಣ್ಣು, ಇವುಗಳ ನಡುವೆ ಬೆಳ್ಳಗೆ, ದುಂಡಗೆ, ಯಾರ ಗೊಡವೆಗೂ ಹೋಗದೆ ಕೂತಿರುತ್ತಿತ್ತು. ಅಲ್ಲಿಗೆ ಹೋದ ಹೊಸದರಲ್ಲಿ ಒಂದು ಬೆಳಿಗ್ಗೆ ಕನ್ನಡಕವಿಲ್ಲದೆ ಅದನ್ನು ಕೈಗೆತ್ತಿಕೊಂಡು, ಈ ದೇಶದ ಹಣ್ಣು ಯಾವುದೋ ಇರಬೇಕು ಅಂದುಕೊಂಡು ಚಾಕು ಇಟ್ಟೇಬಿಟ್ಟಿದ್ದೆ. ಹಲ್ಲುಜ್ಜುತ್ತಿದ್ದ ಅಳಿಯ ಪ್ರಕಾಶ್ ಬ್ರಷ್ ಸಮೇತ ಓಡಿ ಬಂದು "ಅತ್ತೆ, ಅದು ಬೇಸ್‌ಬಾಲ್" ಅಂದ. ನೊರೆ ತುಂಬಿದ ಬಾಯಲ್ಲಿ ಅದು "ಬೇಸನ್ ಬಾಲ್" ಅಂತ ಕೇಳಿಸಿ, ಕಡಲೆಹಿಟ್ಟಿನ ಉಂಡೆಯನ್ನು ಇಷ್ಟು ಗಟ್ಟಿ ಮಾಡಿದವರು ಯಾರು ಅಂತ ನಾನು ಕೇಳಿದೆನಂತೆ. ನನಗೆ ನೆನಪಿಲ್ಲ. ಮಗಳು ಸುಧಾ ಮಾತ್ರ ಈ ಕತೆಯನ್ನು ಬಂದವರಿಗೆಲ್ಲ ಹೇಳುತ್ತಾಳೆ. ಪ್ರತಿ ಸಲ ಹೇಳುವಾಗಲೂ ನನ್ನ ಕೈಯ ಚಾಕು ಸ್ವಲ್ಪ ಉದ್ದವಾಗುತ್ತದೆ.

ಕನ್ನಡಕ ಹಾಕಿಕೊಂಡು ನೋಡಿದ ಮೇಲೆ ನಾನು ನಿಜವಾಗಿ ಬೆರಗಾದದ್ದು ಅದರ ಹೊಲಿಗೆಗೆ. ಬಿಳಿ ಚರ್ಮದ ಎರಡು ತುಂಡನ್ನು ಕೆಂಪು ದಾರದಿಂದ ಕೂಡಿಸಿದ್ದರು. ಒಂದರ ಪಕ್ಕ ಒಂದು, ಹಾರುವ ಹಕ್ಕಿಗಳ ಸಾಲಿನ ಹಾಗೆ. ಇಂಥದೇ ಒಂದು ಹೊಲಿಗೆಯನ್ನು ಮೈಸೂರಿನ ಕಾನ್ವೆಂಟಿನಲ್ಲಿ ಸಿಸ್ಟರ್ ಕೊಲಂಬಾ ನನಗೆ ಕಲಿಸಲು ವರ್ಷವಿಡೀ ಹೆಣಗಿದ್ದರು. ಐರ್ಲೆಂಡಿನ ಹೆಂಗಸು, ಮೂಗಿನ ತುಂಬ ಕಂದು ಚುಕ್ಕೆ. ನನ್ನ ಕರವಸ್ತ್ರವನ್ನು ಕಿಟಕಿಯ ಬೆಳಕಿಗೆ ಹಿಡಿದು, "ಶಾರದಾ, ಯುವರ್ ಸ್ಟಿಚಸ್ ಆರ್ ಡ್ರಂಕ್, ಮೈ ಡಿಯರ್" ಅನ್ನುತ್ತಿದ್ದರು. ನಾನು ಮನೆಗೆ ಬಂದು ಅದನ್ನು ಕನ್ನಡದಲ್ಲಿ ಹೇಳಿದರೆ ಅಮ್ಮನಿಗೆ ಗಾಬರಿ. "ಸನ್ಯಾಸಿನಿಯಾಗಿ ಮಕ್ಕಳ ಹತ್ತಿರ ಕುಡಿತದ ಮಾತು ಯಾಕಂತೆ?"

ಬೆಳಿಗ್ಗೆ ಹೊಲಿಗೆ ಕಲಿಸಿದ ಅದೇ ಸಿಸ್ಟರ್ ಸಂಜೆ ಲಂಗ ಎತ್ತಿ ಕಟ್ಟಿ, ಸೀಟಿ ಕಚ್ಚಿಕೊಂಡು ನಮಗೆ ರೌಂಡರ್ಸ್ ಆಡಿಸುತ್ತಿದ್ದರು. ರೌಂಡರ್ಸ್ ಅಂದರೆ ಬೇಸ್‌ಬಾಲಿಗೆ ಸೋದರತ್ತೆಯಾಗಬೇಕಾದ ಆಟ. ನಾಲ್ಕು ಕಂಬ, ಒಂದು ದೊಣ್ಣೆ, ಚೆಂಡಿಗೆ ಹೊಡೆದು ಕಂಬದಿಂದ ಕಂಬಕ್ಕೆ ಓಡುವುದು. ಇಬ್ಬರು ಕ್ಯಾಪ್ಟನ್‌ಗಳು ಒಬ್ಬೊಬ್ಬಳ ಹೆಸರನ್ನೇ ಕರೆದು ಟೀಮು ಕಟ್ಟಿಕೊಳ್ಳುತ್ತಿದ್ದರು. ಕೊನೆಯಲ್ಲಿ ನಾನೂ ಗೇಟಿನ ಹತ್ತಿರದ ಸಂಪಿಗೆ ಮರವೂ ಉಳಿಯುತ್ತಿದ್ದೆವು. ಕ್ಯಾಪ್ಟನ್ ಲೂರ್ದ್ ಮೇರಿ ನಮ್ಮಿಬ್ಬರನ್ನೂ ಸ್ವಲ್ಪ ಹೊತ್ತು ನೋಡಿ, ನಿಟ್ಟುಸಿರು ಬಿಟ್ಟು, "ಓಕೆ, ಶಾರದಾ" ಅನ್ನುತ್ತಿದ್ದಳು. ಮರಕ್ಕೆ ಕ್ಯಾಚ್ ಹಿಡಿಯಲು ಬಂದಿದ್ದರೆ ನನ್ನ ಗತಿ ಏನಾಗುತ್ತಿತ್ತೋ.

ಹಾಗಾಗಿ ನೈರೋಬಿಯ ಪಾರ್ಕ್‌ಲ್ಯಾಂಡ್ಸ್ ಬಡಾವಣೆಯ ಆ ಫ್ಲಾಟಿನಲ್ಲಿ ಟಿವಿಯ ಮೇಲೆ ಬೇಸ್‌ಬಾಲ್ ಬಂದಾಗ ಅರ್ಧ ಆಟ ನನಗೆ ಆಗಲೇ ಗೊತ್ತಿತ್ತು. ಉಳಿದರ್ಧವನ್ನು ಚೌಕಾಬಾರದಿಂದ ತುಂಬಿಕೊಂಡೆ. ಓಡುವವನು ಕಾಯಿ. ಮೂಲೆಯ ಮನೆ ಮುಟ್ಟಿದರೆ ಅವನನ್ನು ಕಡಿಯುವ ಹಾಗಿಲ್ಲ. ನಡುವೆ ಸಿಕ್ಕಿಬಿದ್ದರೆ ಕಡಿದರು. ಸುತ್ತು ಮುಗಿಸಿ ಹೊರಟ ಜಾಗಕ್ಕೆ ಬಂದರೆ ಹಣ್ಣು. ನಾನು ಸೋಫಾದ ಮೂಲೆಯಿಂದ "ಹಣ್ಣಾಯ್ತು" ಅಂದರೆ ಮೊದಮೊದಲು ನಗುತ್ತಿದ್ದ ಗಂಡಸರು, ವರ್ಷ ಕಳೆಯುವುದರೊಳಗೆ ಅದನ್ನೇ ಹೇಳಲು ಶುರುಮಾಡಿದ್ದರು.

ಗಂಡಸರು ಅಂದರೆ ಇಬ್ಬರು. ಒಬ್ಬ ನಮ್ಮ ಪ್ರಕಾಶ್, ಟೆಲಿಕಾಂ ಕಂಪನಿಯವನು. ನೈರೋಬಿಗೆ ಬರುವ ಮುಂಚೆ ಅಮೆರಿಕದ ಒಂದು ನದಿ ದಡದ ಊರಿನಲ್ಲಿ ಕೆಲಸ ಮಾಡಿ, ಆ ಊರಿನ ಟೀಮನ್ನು ಹೃದಯದಲ್ಲಿ ಕಟ್ಟಿಕೊಂಡು ಬಂದವನು. ಇನ್ನೊಬ್ಬರು ಪಕ್ಕದ ಬಿಲ್ಡಿಂಗಿನ ಶೆಣೈ, ಔಷಧಿ ಕಾರ್ಖಾನೆಯ ಮ್ಯಾನೇಜರು, ಮಂಗಳೂರಿನ ಕಡೆಯವರು. ಅವರು ಅದೇ ದೇಶದ ದೊಡ್ಡ ಬಂದರು ಊರಿನಲ್ಲಿ ಇದ್ದು ಬಂದವರು. ಟೀಮುಗಳ ಹೆಸರು ನನ್ನ ತಲೆಯಲ್ಲಿ ನಿಲ್ಲಲಿಲ್ಲ. ಪ್ರಕಾಶನದು ಕೆಂಪು ಟೋಪಿ, ಶೆಣೈಯವರದು ನೀಲಿ ಟೋಪಿ. ಅಷ್ಟು ಸಾಕು.

ಅಲ್ಲಿ ಆಟ ನಡೆಯುವ ಹೊತ್ತಿಗೆ ನಮಗೆ ನಿದ್ದೆಯ ಹೊತ್ತು. ಅದಕ್ಕೇ ಇವರದೊಂದು ವ್ರತವಿತ್ತು. ಶನಿವಾರದ ಆಟವನ್ನು ಭಾನುವಾರ ಊಟವಾದ ಮೇಲೆ ನೋಡುವುದು, ಅಲ್ಲಿಯವರೆಗೆ ಗೆದ್ದವರು ಯಾರು ಅಂತ ತಿಳಿದುಕೊಳ್ಳಬಾರದು. ಶೆಣೈ ಬಾಗಿಲೊಳಗೆ ಬಂದ ಕೂಡಲೇ ಎಲ್ಲರ ಫೋನೂ ಅವಲಕ್ಕಿ ಡಬ್ಬದೊಳಗೆ. ಡಬ್ಬಕ್ಕೆ ಕಾವಲು ನಾನು. ಒಳಗಿಂದ ಫೋನು ಗುಂಯ್‌ಗುಟ್ಟಿದರೆ ಅವಲಕ್ಕಿಯೆಲ್ಲ ನಡುಗುವುದು ಕೈಗೆ ಗೊತ್ತಾಗುತ್ತಿತ್ತು. ಕಿಟಕಿಯ ಆಚೆ ಮಟಾಟು ವ್ಯಾನುಗಳ ಹಾರ್ನು, ದೇವಸ್ಥಾನದ ಗಂಟೆ. ಒಳಗೆ ಇಬ್ಬರು ನಡುವಯಸ್ಸಿನ ಗಂಡಸರು, ಎಂದೋ ಮುಗಿದುಹೋದ ಆಟಕ್ಕೆ ಕೈಮುಗಿದು, "ಒಂದೇ ಒಂದು ಹಿಟ್ಟು ಕೊಡಪ್ಪಾ" ಅಂತ ಬೇಡಿಕೊಳ್ಳುತ್ತಿದ್ದರು. ಆ ಮಂಪರು ಮಧ್ಯಾಹ್ನಗಳಲ್ಲಿ ಅರ್ಧ ಕಣ್ಣು ಮುಚ್ಚಿಕೊಂಡು ನನಗೆ ಅನಿಸುತ್ತಿತ್ತು, ದೂರದ ಆ ಮೈದಾನದಲ್ಲಿ ಈಗ ಯಾರೂ ಇಲ್ಲ, ಹುಲ್ಲಿಗೆ ನೀರು ಬಿಟ್ಟು ಮನೆಗೆ ಹೋಗಿದ್ದಾರೆ. ನಾವು ಮಾತ್ರ ಇನ್ನೂ ಏನಾಗುತ್ತದೋ ಅಂತ ಕಾಯುತ್ತಿದ್ದೇವೆ.

ಇನ್ನು ಮಾಮಾ ಆಚಿಯೆಂಗ್ ವಿಷಯಕ್ಕೆ ಬರಬೇಕು, ಇಲ್ಲದಿದ್ದರೆ ಚೆಂಡಿನ ಹಿಂದೆಯೇ ಓಡುತ್ತಿರುತ್ತೇನೆ.

ನಾನು ಬಂದಿಳಿದ ದಿನ ಸುಧಾ ಅಡುಗೆಮನೆಯ ಕಡೆ ಕೈತೋರಿಸಿ, "ಅಮ್ಮ, ಇವರು ಮಾಮಾ ಆಚಿಯೆಂಗ್" ಅಂದಳು. ಎತ್ತರದ ಹೆಂಗಸೊಬ್ಬಳು ನಿಂತು ನಗುತ್ತಿದ್ದಳು. ನಾನು ಅವಳ ಹಿಂದೆ ಮಾಮನನ್ನು ಹುಡುಕಿದೆ. ಆ ದೇಶದಲ್ಲಿ ನಮ್ಮ ನೆಂಟಸ್ತಿಕೆಗಳೆಲ್ಲ ಅಂಗಿ ತಿರುಗಿಸಿ ಹಾಕಿಕೊಂಡಿವೆ. ಮಾಮಾ ಅಂದರೆ ತಾಯಿ. ದಾದಾ ಅಂದರೆ ಅಕ್ಕ. ಕಾಕಾ ಅಂದರೆ ಅಣ್ಣ. ಯಾರಾದರೂ ಸರಿ, ಆಯಿತು ಅನ್ನಲು "ಸವಾ, ಸವಾ" ಅಂದಾಗಲೆಲ್ಲ ನಾನು ಶವ ಅಂತ ಬೆಚ್ಚುತ್ತಿದ್ದೆ. ಅವಳು ನನ್ನನ್ನು "ಶೋಶೋ" ಅಂದಳು, ಅಂದರೆ ಅಜ್ಜಿ. ಬಾಯಿ ಮುಚ್ಚು ಅನ್ನುತ್ತಿದ್ದಾಳೆ ಅಂದುಕೊಂಡು ಮೊದಲ ಎರಡು ದಿನ ನಾನು ತೆಪ್ಪಗಿದ್ದೆ.

ಆಚಿಯೆಂಗ್ ಅವಳ ಮಗಳು, ಅಲ್ಲಿ ತಾಯಿಯನ್ನು ಕರೆಯುವುದು ಮಗುವಿನ ಹೆಸರಿನಿಂದ. ಹುಟ್ಟಿದ ಹೊತ್ತಿನ ಹೆಸರಿಡುವುದು ಅವರ ಕಡೆಯ ಪದ್ಧತಿ. ಆಚಿಯೆಂಗ್ ಅಂದರೆ ನಡುಮಧ್ಯಾಹ್ನದ ಬಿಸಿಲಿನಲ್ಲಿ ಹುಟ್ಟಿದವಳು. ಹುಡುಗಿ ನೈರೋಬಿಯ ಇನ್ನೊಂದು ತುದಿಯ ಎಂಬಕಸಿಯಲ್ಲಿ ದೊಡ್ಡಮ್ಮನ ಮನೆಯಲ್ಲಿದ್ದು ಹೈಸ್ಕೂಲು ಓದುತ್ತಿದ್ದಳು. ತಾಯಿ ನಮ್ಮ ಬಿಲ್ಡಿಂಗಿನ ಹಿಂದಿನ ಎಸ್‌ಕ್ಯೂನಲ್ಲಿ, ಅಂದರೆ ಕೆಲಸದವರಿಗೆಂದೇ ಕಟ್ಟಿದ ಸಾಲು ಕೋಣೆಗಳಲ್ಲಿ ಒಂದರಲ್ಲಿ. ಭಾನುವಾರ ಚರ್ಚು ಮುಗಿಸಿ ಎಂಬಕಸಿಗೆ ಹೋಗಿ ಮಗಳನ್ನು ನೋಡಿ ಸಂಜೆ ವಾಪಸ್ಸು. ವಾರಕ್ಕೆ ಒಂದು ಮಧ್ಯಾಹ್ನ, ಹೆಸರಿಗೆ ತಕ್ಕಂತೆ.

ಎಲ್ಲರೂ ಆಫೀಸಿಗೆ ಹೋದ ಮೇಲೆ ಅಡುಗೆಮನೆಯಲ್ಲಿ ಎರಡು ಸ್ಟೂಲು, ನಾವಿಬ್ಬರು. ಹಾಲು, ನೀರು, ಶುಂಠಿ, ಸಕ್ಕರೆ ಎಲ್ಲ ಒಟ್ಟಿಗೆ ಕುದಿಸಿದ ಚಹಾ. ಅವಳು ತನ್ನೂರಿನ ದೊಡ್ಡ ಕೆರೆಯ ಕತೆ ಹೇಳುತ್ತಿದ್ದಳು. ಅದಕ್ಕೆ ಆಚೆ ದಡವೇ ಕಾಣುವುದಿಲ್ಲವಂತೆ. ನಾನು ಕಾನ್ವೆಂಟಿನ ಕತೆ ಹೇಳುತ್ತಿದ್ದೆ. ಗಂಡನ ಮುಖವನ್ನು ಸರಿಯಾಗಿ ನೋಡಿದ್ದು ಮದುವೆಯಾದ ಮೇಲೆ ಅಂದಾಗ ಅವಳು ಚಾಕು ಕೆಳಗಿಟ್ಟು, "ಹಾಗಾದರೆ ಶೋಶೋ, ಒಪ್ಪಿದ್ದು ಯಾರನ್ನ?" ಅಂತ ಕೇಳಿದಳು. ಒಳ್ಳೆಯ ಪ್ರಶ್ನೆ. ನನಗೆ ಅದು ಆ ವಯಸ್ಸಿನಲ್ಲಿ ಹೊಳೆದಿರಲಿಲ್ಲ.

ಆ ವರ್ಷ ಜೂನಿನಲ್ಲಿ, ಅಲ್ಲಿನ ಮಳೆಗಾಲ ಮುಗಿಯುವಷ್ಟರಲ್ಲಿ ಪ್ರಕಾಶನಿಗೆ ಕಂಪನಿಯಿಂದ ಹೇಳಿಕಳಿಸಿದರು, ಡಿಸೆಂಬರಿಗೆ ಪೋಸ್ಟಿಂಗ್ ಮುಗಿಯಿತು, ವಾಪಸ್ ಬೆಂಗಳೂರು. ಸುಧಾ ಕುಣಿದಾಡಿದಳು. ನಾನು ಸೀದಾ ಅಡುಗೆಮನೆಗೆ ಹೋಗಿ ಸ್ಟೂಲಿನ ಮೇಲೆ ಕೂತೆ. ನಮಗೆ ಹೋಗಲು ಊರಿತ್ತು. ಮಾಮಾ ಆಚಿಯೆಂಗ್ ಎಲ್ಲಿಗೆ ಹೋಗುತ್ತಾಳೆ? ಆಮೇಲಿನ ತಿಂಗಳುಗಳಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಇದೊಂದೇ.

ಇಲ್ಲಿ ನೈರೋಬಿಯ ನಮ್ಮವರ ಒಂದು ಪದ್ಧತಿಯನ್ನು ಹೇಳಬೇಕು. ಪೋಸ್ಟಿಂಗ್ ಮುಗಿಸಿ ಹೊರಡುವ ಮನೆಯವರು ಸಾಮಾನುಗಳನ್ನೆಲ್ಲ ಉಳಿಯುವವರಿಗೆ ಬಿಟ್ಟುಕೊಡುತ್ತಾರೆ. ಫ್ರಿಜ್ಜು, ಮಂಚ, ತುಳಸಿ ಕುಂಡ, ಅದರ ಜೊತೆಗೆ ಮನೆಗೆಲಸದ ಮಾಮಾ. ಇದರಲ್ಲಿ ಕೆಟ್ಟದ್ದೇನೂ ಇಲ್ಲ ಅಂತಲೇ ನಾವೆಲ್ಲ ತಿಳಿದಿದ್ದೆವು. ಬಿಟ್ಟುಕೊಡದೆ ಹೋದರೆ ಪಾಪ, ಆ ಹೆಂಗಸು ಗೇಟಿನಿಂದ ಗೇಟಿಗೆ ಕೆಲಸ ಕೇಳಿಕೊಂಡು ಅಲೆಯಬೇಕು. ಆಗಸ್ಟಿನ ಕೊನೆಯಲ್ಲಿ ಸುಧಾ ಒಳ್ಳೆಯ ಮನಸ್ಸಿನಿಂದಲೇ ಹೆಂಗಸರ ವಾಟ್ಸ್ಆಪ್ ಗುಂಪಿಗೆ ಬರೆದಳು. ಸೋಫಾ, ವಾಷಿಂಗ್ ಮೆಷಿನ್, ಇಡ್ಲಿ ಗ್ರೈಂಡರ್, ಕರ್ಟನ್ಸ್, ಅಂಡ್ ಅವರ್ ಲವ್ಲಿ ಮಾಮಾ, ಸಾರು ಚಪಾತಿ ಎಲ್ಲ ಬರುತ್ತೆ, ವೆರಿ ಆನೆಸ್ಟ್.

ಒಲೆಯ ಮೇಲಿನ ಹಾಲು ಉಕ್ಕುವುದರೊಳಗೆ ಶೆಣೈಯವರ ಹೆಂಡತಿ ಸುಜಾತಾಳ ಉತ್ತರ. "ಗ್ರೈಂಡರ್ ಮತ್ತು ಮಾಮಾ ನಮಗೆ."

ಅದರ ಕೆಳಗೆ ದೊಡ್ಡ ಬಂಗಲೆಗಳ ಬಡಾವಣೆ ರುಂಡಾದಿಂದ ಒಬ್ಬಾಕೆ. "ಮಾಮಾ ಟೇಕನ್? ಛೆ. ನಮ್ಮ ಎಸ್‌ಕ್ಯೂ ದೊಡ್ಡದಿದೆ, ಬಿಸಿನೀರೂ ಇದೆ."

ಸುಧಾ ಇದನ್ನು ನನಗೆ ಓದಿ ಹೇಳಿ, "ನೋಡಮ್ಮ, ಎಷ್ಟು ಡಿಮ್ಯಾಂಡು" ಅಂತ ಹಿಗ್ಗಿದಳು. ನಾನೂ ಹಿಗ್ಗಿದೆ. ಆಮೇಲೆ ಯಾಕೋ ಚಹಾ ರುಚಿಸಲಿಲ್ಲ.

ಸೆಪ್ಟೆಂಬರ್ ಬಂತು. ಬೇಸ್‌ಬಾಲಿನವರಿಗೆ ಸೆಪ್ಟೆಂಬರ್ ಅಂದರೆ ಪರೀಕ್ಷೆಯ ತಿಂಗಳು. ಬೇಸಿಗೆಯೆಲ್ಲ ಸೋಮಾರಿಯಾಗಿ ಆಡಿಕೊಂಡಿದ್ದವರು ಇದ್ದಕ್ಕಿದ್ದಂತೆ ಒಂದೊಂದು ಚೆಂಡಿಗೂ ಪ್ರಾಣ ಬಿಡುತ್ತಾರೆ. ಕೆಂಪು ಟೋಪಿಯವರು ಮುಂದಿನ ಸುತ್ತಿಗೆ ಹೋಗುತ್ತಾರೋ ಇಲ್ಲವೋ ಅನ್ನುವುದು ಕೂದಲೆಳೆಯಲ್ಲಿ ನೇತಾಡುತ್ತಿತ್ತು. ಅದರ ಮೇಲೆ ಅವರ ಒಬ್ಬ ಆಟಗಾರನ ಚಿಂತೆ. ಗಡ್ಡದ ಹುಡುಗ. ಚೆನ್ನಾಗಿ ಆಡುತ್ತಿದ್ದ, ಓಡುವಾಗ ಟೋಪಿ ಹಾರಿಹೋಗುತ್ತಿತ್ತು. ಸೀಸನ್ ಮುಗಿದ ಕೂಡಲೇ ಅವನು ಫ್ರೀ ಏಜೆಂಟ್ ಅಂತ ಪ್ರಕಾಶ್ ಊಟ ಬಿಡುವಷ್ಟು ಬೇಸರ ಮಾಡಿಕೊಂಡಿದ್ದ.

ಏಜೆಂಟ್ ಅಂದರೆ ನನಗೆ ಗೊತ್ತಿದ್ದದ್ದು ಇನ್ಶೂರೆನ್ಸಿನ ನರಸಿಂಹಮೂರ್ತಿ. ಸರಿಯಾಗಿ ದೋಸೆ ಹುಯ್ಯುವ ಹೊತ್ತಿಗೆ ಸೈಕಲ್ ಇಳಿಯುತ್ತಿದ್ದರು. "ಫ್ರೀ ಏಜೆಂಟ್ ಅಂದರೆ ಕಮಿಷನ್ ತಗೊಳ್ಳದವನಾ?" ಅಂತ ಕೇಳಿದೆ. ಶೆಣೈಯವರಿಗೆ ಕಾಫಿ ಮೂಗಿಗೆ ಹತ್ತಿತು.

"ಅಲ್ಲ ಅಮ್ಮ," ಅಂದರು ಮೂಗೊರೆಸಿಕೊಂಡು, "ಕರಾರು ಮುಗಿದವನು. ಇನ್ನು ಅವನು ಯಾರ ಮಾತೂ ಕೇಳ್ಬೇಕಂತಿಲ್ಲ. ಯಾವ ಟೀಮಿಗೆ ಬೇಕಾದ್ರೂ ಹೋಗ್ಬಹುದು."

"ಹೋಗಬಹುದು ಅಂದ ಮಾತ್ರಕ್ಕೆ ಹೋಗಬೇಕಾ?" ಅಂದ ಪ್ರಕಾಶ್. "ಬೆಳೆಸಿದ ಊರು ಅಂತ ಒಂದು ಇರಲ್ವಾ? ಮೀಸೆ ಬಾರದ ಹುಡುಗನನ್ನ ತಂದು ಆಡಿಸಿದ್ದು ಯಾರು?"

"ಊರು ಎಂತ ಬೆಳೆಸಿದ್ದು ಮಾರಾಯ? ಆಡಿದ್ದು ಅವನ ಬೆನ್ನುಮೂಳೆ. ನಿಮ್ಗೆ ಗೊತ್ತುಂಟಾ ಅಮ್ಮ, ಒಂದು ಕಾಲದಲ್ಲಿ ಓನರ್‌ಗಳು ಆಟಗಾರನನ್ನು ಹಳೇ ಸ್ಕೂಟರಿನ ಹಾಗೆ ಮಾರ್ತಿದ್ರು. ಅವನಿಗೆ ಸುದ್ದಿ ಗೊತ್ತಾಗೋದು ಪೇಪರಿನಲ್ಲಿ. ಮನುಷ್ಯನನ್ನು ಕೇಳುವ ಕ್ರಮವೇ ಇರ್ಲಿಲ್ಲ."

"ನಿಮಗೇನು, ಅವನು ನಿಮ್ಮ ನೀಲಿ ಟೋಪಿಗೆ ಬರಲಿ ಅಂತ ಆಸೆ."

"ಬಂದ್ರೆ ಬೇಡ ಅನ್ನಲ್ಲ. ಆದ್ರೆ ನಾನು ಹೇಳೋದು ಪ್ರಿನ್ಸಿಪಲ್ಲು."

ಶೆಣೈ ಪ್ರಿನ್ಸಿಪಲ್ ಅನ್ನುವಾಗ ತೋರುಬೆರಳು ಸೀಲಿಂಗಿನ ಕಡೆ ಹೋಗುತ್ತದೆ. ಅದೇ ಬೆರಳನ್ನು ಇಳಿಸಿ, ಅದೇ ಉಸಿರಿನಲ್ಲಿ ಅವರು ಅಡುಗೆಮನೆಯ ಕಡೆ ನೋಡಿ ಕೇಳಿದರು, "ಅಂದ ಹಾಗೆ ಪ್ರಕಾಶ್, ಮಾಮಾನ ಹ್ಯಾಂಡೋವರ್ ಡಿಸೆಂಬರ್ ಕೊನೆಗಾ, ಜನವರಿ ಒಂದಕ್ಕಾ?"

ಅವಲಕ್ಕಿ ಡಬ್ಬ ನನ್ನ ತೊಡೆಯ ಮೇಲೆ ಗುಂಯ್ ಅಂದಿತು. ಏನೋ ಹೇಳಬೇಕು ಅನಿಸಿತು ನನಗೆ. ಹೇಳಲಿಲ್ಲ, ಯಾಕೆಂದರೆ ಆ ಹರಾಜಿನಲ್ಲಿ ಬಿಡ್ಡು ಕೂಗಿದವರಲ್ಲಿ ನಾನೂ ಒಬ್ಬಳು.

ಹೌದು. ಯಾರಿಗೂ ಹೇಳದೆ ನಾನು ಅವಳನ್ನು ಮೈಸೂರಿಗೆ ಕರೆದುಕೊಂಡು ಹೋಗುವ ಯೋಚನೆ ಮಾಡಿದ್ದೆ. ಬೆಳಗಿನ ನಿದ್ದೆಗಣ್ಣಿನಲ್ಲಿ ಆ ಚಿತ್ರ ತಾನಾಗಿಯೇ ಬಂದು ಕೂರುತ್ತಿತ್ತು. ದೇವರಾಜ ಮಾರುಕಟ್ಟೆಯಲ್ಲಿ ಹಳದಿ ಹೂವಿನ ಗೌನು ಹಾಕಿಕೊಂಡ ಮಾಮಾ ಆಚಿಯೆಂಗ್, ಬದನೆಕಾಯಿ ಗುಡ್ಡೆಯ ಮುಂದೆ ನಿಂತು, "ಸರಿಯಾಗಿ ಹೇಳಪ್ಪ" ಅಂತ ಕನ್ನಡದಲ್ಲಿ ಚೌಕಾಸಿ ಮಾಡುತ್ತಿದ್ದಾಳೆ. ಸಂಜೆ ನಾವಿಬ್ಬರೂ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ. ಇದಕ್ಕೆ ಆಚೆ ದಡ ಕಾಣುತ್ತದಲ್ಲ ಅಂತ ಅವಳು ನಗುತ್ತಿದ್ದಾಳೆ. ಎಷ್ಟೋ ದಿನ ಈ ಕನಸನ್ನು ಮಗ್ಗುಲು ಬದಲಿಸಿ ಬದಲಿಸಿ ಕಂಡೆ. ಅದರಲ್ಲಿ ಆಚಿಯೆಂಗ್ ಎಲ್ಲಿಯೂ ಇರಲಿಲ್ಲ ಅನ್ನುವುದು ನನಗೆ ಹೊಳೆದದ್ದು ತಡವಾಗಿ. ತಾಯಿಯನ್ನು ಏರಿಯ ಮೇಲೆ ನಡೆಸಿದ್ದೆ. ಮಗಳನ್ನು ಎಂಬಕಸಿಯಲ್ಲೇ ಬಿಟ್ಟಿದ್ದೆ.

ಕರಾರಿನ ವಿಷಯದಲ್ಲಿ ನನಗೂ ಅಷ್ಟಿಷ್ಟು ಅನುಭವವಿದೆ ಅನ್ನಿ. ನನ್ನದಕ್ಕೆ ಸಹಿ ಹಾಕಿದ್ದು ಅಪ್ಪ. ಸಿಸ್ಟರ್ ಕೊಲಂಬಾ ನನ್ನನ್ನು ಟೀಚರ್ಸ್ ಟ್ರೇನಿಂಗಿಗೆ ಕಳಿಸಿ ಅಂತ ಮನೆಗೆ ಬಂದಿದ್ದರು. ಅಮ್ಮ ಅವರಿಗೆ ಚಕ್ಕುಲಿ ಕೊಟ್ಟಳು, ಅಪ್ಪ ನನ್ನ ಮದುವೆಯ ಕರೆಯೋಲೆ ಕೊಟ್ಟರು. ಆಮೇಲೆ ಬ್ಯಾಂಕಿನವರು ನಮ್ಮ ಯಜಮಾನರನ್ನು ಟ್ರಾನ್ಸ್‌ಫರ್ ಮಾಡುತ್ತಿದ್ದರು, ಯಜಮಾನರು ನನ್ನನ್ನು. ಬಳ್ಳಾರಿ, ತುಮಕೂರು, ಮತ್ತೆ ಬಳ್ಳಾರಿ. ದೂರುತ್ತಿಲ್ಲ, ಒಳ್ಳೆಯ ಟೀಮು, ನಗಿಸುತ್ತಿದ್ದರು. ಆದರೆ ಎಲ್ಲಿಗೆ ಹೋಗೋಣ ಶಾರದಾ ಅಂತ ಒಂದು ಸಲ ಕೇಳಿದ್ದರೆ ಮಡಿಕೇರಿ ಅನ್ನಬೇಕು ಅಂತ ಉತ್ತರ ಸಿದ್ಧಮಾಡಿ ಇಟ್ಟುಕೊಂಡಿದ್ದೆ.

ಸೀಸನ್ನಿನ ಕೊನೆಯ ಶನಿವಾರದ ಆಟವನ್ನು ನೋಡಿದ ಭಾನುವಾರ ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಕೆಳಗೆ ಜಕರಂಡಾ ಮರ ಆಗಷ್ಟೇ ನೇರಳೆಯಾಗುತ್ತಿತ್ತು. ಸುಜಾತಾ ಕೂಡ ಟೇಪು ಹಿಡಿದುಕೊಂಡು ಬಂದಿದ್ದಳು, ಪರದೆಗಳ ಅಳತೆ ತೆಗೆಯಲು. ಪರದೆ ಅಳೆದ ಮೇಲೆ ಮಾಮಾನ ಹತ್ತಿರ ಟೈಮಿಂಗ್ಸ್ ಮಾತಾಡಬೇಕು ಅಂದಳು.

ಆಟ ಒಂಬತ್ತನೆಯ ಇನಿಂಗ್ಸಿಗೆ ಬಂತು, ಅದೇ ಕೊನೆಯದು. ಎರಡೂ ಕಡೆ ಸಮ. ಕೆಂಪು ಟೋಪಿಯ ಒಂದು ಕಾಯಿ ಎರಡನೆಯ ಮೂಲೆಯಲ್ಲಿ ನಿಂತಿತ್ತು. ದೊಣ್ಣೆ ಹಿಡಿದು ಬಂದವನು ಗಡ್ಡದ ಹುಡುಗ. ಗ್ಯಾಲರಿಯ ಜನ ಎದ್ದು ನಿಂತರು, ಹೋಗಬೇಡ ಅಂತ ಬಟ್ಟೆಯ ಮೇಲೆ ಬರೆದು ಹಿಡಿದಿದ್ದರು. ಪ್ರಕಾಶ್ ಸೋಫಾದಿಂದ ಕೆಳಗಿಳಿದು ಮಂಡಿಯೂರಿದ. ಶೆಣೈ ಕೂಡ ತಮ್ಮ ಟೀಮಲ್ಲದಿದ್ದರೂ ಉಗುರು ಕಚ್ಚುತ್ತಿದ್ದರು. ಚೆಂಡು ಎಸೆಯುವವನು ಕೈ ಎತ್ತಿದ.

ಸ್ಟೀಮಾ ಹೋಯಿತು. ಅಲ್ಲಿ ಕರೆಂಟಿಗೆ ಸ್ಟೀಮಾ ಅನ್ನುತ್ತಾರೆ.

ಪ್ರಕಾಶ್, ಶೆಣೈ, ನಾನು, ಮೂವರೂ ಒಟ್ಟಿಗೆ ಒಂದು ಮಾತು ಅಂದೆವು, ಅದನ್ನು ಬರೆಯುವುದಿಲ್ಲ. ವಾಚ್‌ಮನ್ ಕೆಳಗೆ ಹೋಗಿ ಜನರೇಟರ್ ಹಾಕುವವರೆಗೆ ಕಪ್ಪು ಟಿವಿಯ ಮುಂದೆ ಕೂರುವುದಷ್ಟೇ. ಆ ಮೌನದಲ್ಲಿ ಅಡುಗೆಮನೆಯ ಬಾಗಿಲ ಕೀಲಿ ತಿರುಗಿದ್ದು ಎಲ್ಲರಿಗೂ ಕೇಳಿಸಿತು. ಮಾಮಾ ಆಚಿಯೆಂಗ್ ಬಂದಳು. ಚರ್ಚಿನ ಬಿಳಿ ಉಡುಪು, ತಲೆಗೆ ನೀಲಿ ವಸ್ತ್ರ, ಕೈಯಲ್ಲಿ ಒಂದು ಕಟ್ಟು ಸುಕುಮಾ ಸೊಪ್ಪು.

"ಹಬಾರಿ, ಮಾಮಾ" ಅಂದರು ಶೆಣೈ ಗೆಲುವಿನಿಂದ. ಮುಂದಿನದೆಲ್ಲ ಇಂಗ್ಲಿಷಿನಲ್ಲಿ ನಡೆಯಿತು. "ಜನವರಿಯಿಂದ ನೀವು ನಮ್ಮ ಟೀಮು. ಕರಾರು ರೆಡಿ."

"ಶನಿವಾರ ಹಾಫ್ ಡೇ ಕೊಡ್ತೀವಿ" ಅಂದಳು ಸುಜಾತಾ, ಕುರ್ಚಿಯ ಮೇಲೆ ನಿಂತು ಪರದೆಯ ಕಂಬಿಗೆ ಟೇಪು ಹಿಡಿದವಳು.

ಮಾಮಾ ಆಚಿಯೆಂಗ್ ಸೊಪ್ಪನ್ನು ಮೇಜಿನ ಮೇಲಿಟ್ಟಳು. "ಪೋಲೆ, ಮಿಸ್ಟರ್ ಶೆಣೈ. ಕ್ಷಮಿಸಬೇಕು. ನನಗೆ ಕೆಲಸ ಸಿಕ್ಕಿದೆ."

"ರುಂಡಾದವರಾ?" ಅಂದಳು ಸುಜಾತಾ ಕುರ್ಚಿಯಿಂದಲೇ. "ನಮಗೆ ಹೇಳದೆ ಮಾತಾಡಿಬಿಟ್ಟರಾ?"

"ರುಂಡಾ ಅಲ್ಲ, ಮ್ಯಾಡಮ್. ಏರ್‌ಪೋರ್ಟಿನ ಹತ್ತಿರ. ವಿಮಾನಕ್ಕೆ ಊಟ ಕಟ್ಟುವ ಕಿಚನ್ನು. ಎಂಬಕಸಿಯ ಅಕ್ಕನ ಮನೆಯಿಂದ ನಡೆದೇ ಹೋಗಬಹುದು. ಬೆಳಿಗ್ಗೆ ಹೋಗಿ, ಸಂಜೆ ಮನೆಗೆ ಬರುವ ಕೆಲಸ."

ಸುಧಾಳ ಮುಖ ಸಣ್ಣದಾಯಿತು. "ಯಾವಾಗ ಆಯ್ತು ಇದೆಲ್ಲ?"

"ಆಗಸ್ಟಿನಲ್ಲಿ. ನೀವು ಹೊರಡುವವರೆಗೆ ಇಲ್ಲೇ ಇರುತ್ತೇನೆ ಅಂತ ಅವರಿಗೆ ಹೇಳಿದ್ದೇನೆ."

"ನನಗೆ ಒಂದು ಮಾತು ಹೇಳಬಾರದಿತ್ತಾ? ನಿಮಗೋಸ್ಕರ ನಾನು ಎಲ್ಲರ ಹತ್ತಿರವೂ ಮಾತಾಡ್ತಾ ಇದ್ದೆ."

"ಹೌದು ಮ್ಯಾಡಮ್. ಎಲ್ಲರ ಹತ್ತಿರವೂ ಮಾತಾಡುತ್ತಿದ್ದಿರಿ." ಅವಳ ದನಿಯಲ್ಲಿ ಚುಚ್ಚು ಇರಲಿಲ್ಲ. "ಅದಕ್ಕೇ ಮಧ್ಯೆ ಬರಬಾರದು ಅಂತ ಸುಮ್ಮನಿದ್ದೆ."

ಆಗಸ್ಟು. ಅಂದರೆ ವಾಟ್ಸ್ಆಪಿನಲ್ಲಿ ಗ್ರೈಂಡರ್ ಮತ್ತು ಮಾಮಾ ನಮಗೆ ಅನ್ನುವ ಹೊತ್ತಿಗೆ, ರುಂಡಾದ ಬಿಸಿನೀರಿನ ಹೊತ್ತಿಗೆ, ನನ್ನ ಬದನೆಕಾಯಿ ಕನಸಿನ ಹೊತ್ತಿಗೆ, ಎಲ್ಲ ತೀರ್ಮಾನವಾಗಿ ಹೋಗಿತ್ತು. ನಾವು ಅಷ್ಟು ದಿನ ಸೀಟಿನ ತುದಿಯಲ್ಲಿ ಕೂತು ನೋಡಿದ್ದು ಮುಗಿದ ಆಟವನ್ನು.

ಜನರೇಟರ್ ಶುರುವಾಯಿತು. ಟಿವಿ ಬೆಳಗಿತು. ಎಸೆಯುವವನ ಕೈ ಗಾಳಿಯಲ್ಲೇ ಇತ್ತು. ಯಾರೂ ಬಟನ್ ಒತ್ತಲಿಲ್ಲ. ಕೊನೆಗೆ ಮಾಮಾ ಆಚಿಯೆಂಗಳೇ, "ನೋಡಿ, ನೋಡಿ, ಅವನು ಕಾಯುತ್ತಿದ್ದಾನೆ" ಅಂದು ಸೊಪ್ಪು ಎತ್ತಿಕೊಂಡು ಒಳಗೆ ಹೋದಳು. ಪ್ರಕಾಶ್ ಒತ್ತಿದ. ಗಡ್ಡದ ಹುಡುಗ ಹೊಡೆದ. ಚೆಂಡು ಎದುರು ಟೀಮಿನ ಇಬ್ಬರ ನಡುವೆ ನುಸುಳಿತು, ಮೂಲೆಯಲ್ಲಿದ್ದವನು ಸುತ್ತು ಹಾಕಿ ಬಂದು ಬಿದ್ದ, ಕೆಂಪು ಟೋಪಿ ಗೆದ್ದಿತು. ಅಲ್ಲಿ ಸಾವಿರಾರು ಜನ ಕುಣಿಯುತ್ತಿದ್ದರು. ಇಲ್ಲಿ ಶೆಣೈ ಪ್ರಕಾಶನ ಬೆನ್ನು ತಟ್ಟಿ, "ಒಳ್ಳೆದಾಯ್ತು ಮಾರಾಯ" ಅಂದರು, ಯಾವುದಕ್ಕೆ ಅಂತ ಸ್ಪಷ್ಟವಾಗಲಿಲ್ಲ. ಹೋಗುವ ಗಡಿಬಿಡಿಯಲ್ಲಿ ಶೆಣೈ, ಸುಜಾತಾ ಇಬ್ಬರೂ ಫೋನುಗಳನ್ನು ಅವಲಕ್ಕಿಯಲ್ಲೇ ಮರೆತರು.

ಗಡ್ಡದ ಹುಡುಗನ ವಿಷಯ ಕೇಳುತ್ತೀರಾ? ಚಳಿಗಾಲದಲ್ಲಿ ಅವನು ನೀಲಿ ಟೋಪಿಗೇ ಹೋದ. ಶೆಣೈಯವರೇ ಹೋಗಿ ಕೊಂಡು ತಂದರೇನೋ ಅನ್ನುವ ಹಾಗೆ ಪ್ರಕಾಶ್ ಅವರ ಹತ್ತಿರ ಒಂದು ವಾರ ಮಾತು ಬಿಟ್ಟಿದ್ದ. ಗ್ರೈಂಡರನ್ನೂ ಕೊಡುವುದಿಲ್ಲ ಅಂದಿದ್ದ. ಸುಧಾ ಕೊಟ್ಟಳು.

ಆ ಭಾನುವಾರ ಸಂಜೆ ಸುಧಾ ಗುಂಪಿಗೆ ಮೊದಲು "ಮಾಮಾ ನಾಟ್ ಅವೈಲಬಲ್" ಅಂತ ಬರೆದಳು. ಓದಿ ನೋಡಿ ಅಳಿಸಿದಳು. "ಮಾಮಾ ಹ್ಯಾಸ್ ಫೌಂಡ್ ಎ ಜಾಬ್" ಅಂತ ಬರೆದು ನನಗೆ ತೋರಿಸಿದಳು, ಚಿಕ್ಕವಳಿದ್ದಾಗ ಹೋಮ್‌ವರ್ಕ್ ತೋರಿಸುತ್ತಿದ್ದ ಹಾಗೆ. "ಸರಿಯಾಗಿದೆ" ಅಂದೆ.

ಸೋಮವಾರ ಬೆಳಿಗ್ಗೆ ಪ್ರಕಾಶ್ ಆಫೀಸಿಗೆ ಹೋದ. ಸುಧಾ ಮಾತ್ರ ತಲೆನೋವು ಅಂತ ರೂಮಿನಲ್ಲಿ ಮಲಗಿದ್ದಳು. ನಾನು ಸ್ಟೂಲಿನ ಮೇಲೆ ಕೂತೆ. ಮೈಸೂರಿನ ಮಾತು ನಾಲಿಗೆಯ ತುದಿಯವರೆಗೆ ಬಂತು. ಚಹಾದ ಜೊತೆ ಅದನ್ನು ನುಂಗಿಕೊಂಡೆ. ಬಿಸಿಯಿತ್ತು.

"ಹೊಸ ಕೆಲಸದಿಂದ ಸಂಜೆ ಮನೆಗೆ ಹೋದ ಕೂಡಲೇ ಮೊದಲು ಏನು ಮಾಡ್ತೀಯ?" ಅಂತ ಕೇಳಿದೆ.

ಅವಳು ಯೋಚಿಸಬೇಕಾಗಿ ಬರಲಿಲ್ಲ. "ಶೂ ಬಿಚ್ಚುತ್ತೇನೆ. ಕುರ್ಚಿಯಲ್ಲಿ ಕೂರುತ್ತೇನೆ. ಕೂತಲ್ಲಿಂದಲೇ ಕೂಗುತ್ತೇನೆ, ಆಚಿಯೆಂಗ್, ನೀರು ತಾ ಅಂತ."

"ಕೂಗು ನೋಡೋಣ."

ಅವಳು ನಾಚಿಕೊಂಡು ಕೂಗಿದಳು. ಕೂಗಿದಳು ಅನ್ನುವುದು ದೊಡ್ಡ ಮಾತು. ಮನೆಯಲ್ಲಿ ಯಾರೋ ಮಲಗಿದ್ದಾರೆ, ಮೀಟಿಂಗಿನಲ್ಲಿದ್ದಾರೆ, ಪೂಜೆಯಲ್ಲಿದ್ದಾರೆ ಅಂತ ವರ್ಷಗಟ್ಟಲೆ ತಗ್ಗಿಸಿಟ್ಟ ಗಂಟಲು ಅದು. ಒಲೆಯ ಸದ್ದೇ ಅದಕ್ಕಿಂತ ಜೋರಾಗಿತ್ತು.

"ಇದು ಪಕ್ಕದ ಕೋಣೆಗೂ ಕೇಳಿಸಲ್ಲ" ಅಂದೆ. ಕಾನ್ವೆಂಟಿನಲ್ಲಿ ನನಗೆ ಒಂದೇ ಒಂದು ಬಹುಮಾನ ಬಂದದ್ದು ಎಲೊಕ್ಯೂಶನ್ನಿಗೆ. ಎದ್ದು ನಿಂತು ಅವಳ ಬೆನ್ನಿಗೆ ಕೈಯಿಟ್ಟೆ. "ಗಂಟಲಿನಿಂದ ಅಲ್ಲ. ಹೊಟ್ಟೆಯಿಂದ. ಭುಜ ಕೆಳಗೆ, ಗದ್ದ ಮೇಲೆ. ಮಗಳು ಹಿತ್ತಿಲಿನಲ್ಲಿದ್ದಾಳೆ, ರೇಡಿಯೋ ಹಾಕಿಕೊಂಡಿದ್ದಾಳೆ ಅಂದುಕೋ. ಈಗ ಹೇಳು."

ಅವಳು ಕಣ್ಣು ಮುಚ್ಚಿದಳು. ಉಸಿರು ಒಳಗೆ ಹೋದದ್ದು ನನ್ನ ಅಂಗೈಗೆ ಗೊತ್ತಾಯಿತು.

"ಆಚಿಯೆಂಗ್!"

ಸ್ಟ್ಯಾಂಡಿನಲ್ಲಿದ್ದ ತಟ್ಟೆಗಳು ಝಲ್ಲೆಂದವು. ಕೆಳಗೆ ಗೇಟಿನ ವಾಚ್‌ಮನ್ ತಲೆಯೆತ್ತಿ ನೋಡಿದ. ರೂಮಿನಿಂದ ಸುಧಾ ಗಾಬರಿಯಾಗಿ, "ಏನಾಯ್ತಮ್ಮ?" ಅಂದಳು.

"ಏನಿಲ್ಲ, ನೀನು ಮಲಗು" ಅಂದೆ. "ಪ್ರಾಕ್ಟೀಸು."